ಸಂಶೋಧನೆಯಿಂದ ನಮಗೇನು? ಮೈಸೂರು–ಮಂಡ್ಯದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯ ಜಿಲ್ಲೆಗಳ ಶಾಲೆ ಕಾಲೇಜುಗಳಲ್ಲಿ, ರೈತರ ಸಭೆಗಳಲ್ಲಿ ಮತ್ತು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಉದಾಹರಣೆಗಳನ್ನು ಆದಷ್ಟೂ ನಮ್ಮ ಸುತ್ತಮುತ್ತಲಿಂದಲೇ ಆರಿಸಿಕೊಂಡಿದ್ದೇನೆ. ಪ್ರತಿಯೊಂದು ಉತ್ತರವನ್ನೂ ಬಿಡಿಯಾಗಿ ಓದಬಹುದು.

## ಮೊದಲ ಪ್ರಶ್ನೆಗಳು

ಸಂಶೋಧನೆ ಅಂದ್ರೆ ಲ್ಯಾಬಿನಲ್ಲಿ ಕೂತು ಮಾಡೋದು. ನಮ್ಮ ಊರಿನ ತೊಂದರೆಗೂ ಅದಕ್ಕೂ ಏನು ಸಂಬಂಧ?

ನಾವು ಉಣ್ಣುವ ಮುದ್ದೆಯಿಂದಲೇ ಆರಂಭಿಸಬಹುದು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನೂ ಆಫ್ರಿಕದ ರಾಗಿಯನ್ನೂ ಸಂಕರಗೊಳಿಸಿ 'ಇಂಡಾಫ್' ತಳಿಗಳನ್ನು ರೂಪಿಸಿದರು. ರಾಗಿಯ ಹೂವು ತೀರ ಸಣ್ಣದು. ಅಲ್ಲದೆ ರಾಗಿ ತನ್ನದೇ ಪರಾಗದಿಂದ ಕಾಳು ಕಟ್ಟುವ ಬೆಳೆ. ಹೀಗಾಗಿ ಎರಡು ಬೇರೆ ಬೇರೆ ಗಿಡಗಳನ್ನು ಕೂಡಿಸುವುದು ಅತ್ಯಂತ ನಾಜೂಕಿನ, ತಾಳ್ಮೆ ಬೇಡುವ ಕೆಲಸ. ಆ ಕೆಲಸ ನಡೆದದ್ದು ಹೊಲದಲ್ಲಿ, ನಮ್ಮ ರೈತರ ಕಣ್ಣೆದುರಿಗೆ. ಮುಂದೆ ಬೆಂಕಿ ರೋಗದ ಕಾಟ ಹೆಚ್ಚಾದಾಗ, ಇಂಡಾಫ್ ತಳಿಗಳ ವಂಶದಿಂದಲೇ ಬಂದ ಜಿಪಿಯು-28 ಎಂಬ ರೋಗ ತಡೆಯುವ ತಳಿಯನ್ನು ಬೆಂಗಳೂರಿನ ಕೃಷಿ ವಿಜ್ಞಾನಿಗಳು ಕೊಟ್ಟರು. ಒಂದು ಪರಿಹಾರ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ ಎಂಬುದನ್ನು ಈ ಒಂದು ಬೆಳೆಯ ಚರಿತ್ರೆಯೇ ತೋರಿಸುತ್ತದೆ.

ಮೈಸೂರಿನ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ., ಎಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಕೆಲಸವೂ ಹೀಗೆಯೇ ಮನೆಮನೆಗೆ ತಲುಪಿದೆ. ಆಗ ಮಕ್ಕಳ ಹಾಲಿನ ಪುಡಿ ಹೊರದೇಶದಿಂದ ಬರಬೇಕಿತ್ತು. ನಮ್ಮಲ್ಲಿ ಧಾರಾಳವಾಗಿದ್ದ ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಅದು ಮಗುವಿನ ಹೊಟ್ಟೆಯಲ್ಲಿ ಗಟ್ಟಿ ಗರಣೆಯಾಗಿ ಒಡೆಯುತ್ತದೆ, ಆದ್ದರಿಂದ ಹಸುಗೂಸಿಗೆ ಹೊಂದುವುದಿಲ್ಲ ಎಂಬ ಅಭಿಪ್ರಾಯವಿತ್ತು. ಕೊಬ್ಬನ್ನು ತಗ್ಗಿಸಿ, ಗರಣೆ ಮೆದುವಾಗುವಂತೆ ಹದಗೊಳಿಸಿ, ಜೀವಸತ್ವಗಳನ್ನು ಸೇರಿಸಿ ಪುಡಿ ಮಾಡುವ ವಿಧಾನವನ್ನು ಇಲ್ಲಿನ ವಿಜ್ಞಾನಿಗಳು ರೂಪಿಸಿದರು. ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿದ್ದು ಗುಜರಾತಿನ ಆನಂದ್‌ನ ಸಹಕಾರಿ ಡೇರಿ.

ಯಾವ ತೊಂದರೆ ಮೇಲೆ ಸಂಶೋಧನೆ ಮಾಡಬೇಕು ಅಂತ ಯಾರು ತೀರ್ಮಾನ ಮಾಡ್ತಾರೆ?

ಹಣ ಕೊಡುವವರು ಬಹುಮಟ್ಟಿಗೆ ತೀರ್ಮಾನಿಸುತ್ತಾರೆ. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಐ.ಸಿ.ಎಂ.ಆರ್., ಕೃಷಿಗೆ ಐ.ಸಿ.ಎ.ಆರ್., ಕೈಗಾರಿಕೆಗೆ ಸಂಬಂಧಿಸಿದ ವಿಜ್ಞಾನಕ್ಕೆ ಸಿ.ಎಸ್.ಐ.ಆರ್. ಮುಖ್ಯ ಸಂಸ್ಥೆಗಳು. ಆದರೆ ಜನರ ಒತ್ತಾಯಕ್ಕೂ ಬೆಲೆಯುಂಟು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ, ರೇಷ್ಮೆ ಹುಳವನ್ನು ಕೊಲ್ಲುವ ಊಜಿ ನೊಣ ಕರ್ನಾಟಕದ ರೇಷ್ಮೆ ಮನೆಗಳಿಗೆ ನುಗ್ಗಿ, ಬೆಳೆಗಾರರು ತಟ್ಟೆಗಟ್ಟಲೆ ಹುಳ ಕಳೆದುಕೊಂಡಾಗ, ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಗೆ ಅದಕ್ಕಿಂತ ತುರ್ತಾದ ವಿಷಯ ಬೇರೆ ಇರಲಿಲ್ಲ. ಬಡವರಿಗೆ ಮಾತ್ರ ಬರುವ ಕಾಯಿಲೆಗಳಿಗೆ ಇಂಥ ಒತ್ತಾಯ ಹುಟ್ಟುವುದು ಕಡಿಮೆ, ಹಣವೂ ಕಡಿಮೆ. ಇದು ಅನ್ಯಾಯವೆಂದೇ ನಾನು ತಿಳಿಯುತ್ತೇನೆ.

ಪೇಪರಲ್ಲಿ ಒಂದು ದಿನ ಕಾಫಿ ಒಳ್ಳೇದು ಅಂತಾರೆ, ಇನ್ನೊಂದು ದಿನ ಕೆಟ್ಟದ್ದು ಅಂತಾರೆ. ಯಾವುದನ್ನ ನಂಬೋದು?

ಒಂದೇ ಅಧ್ಯಯನವನ್ನು ನೆಚ್ಚಿ ಯಾವುದನ್ನೂ ನಂಬಬೇಕಾಗಿಲ್ಲ. ಸುದ್ದಿಯನ್ನು ಓದುವಾಗ ಅಧ್ಯಯನ ಯಾರ ಮೇಲೆ ನಡೆದದ್ದು ಎಂದು ಮೊದಲು ನೋಡಿ: ಇಲಿಗಳ ಮೇಲೋ, ಹತ್ತು ಹದಿನೈದು ವಿದ್ಯಾರ್ಥಿಗಳ ಮೇಲೋ, ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸಿದ ಮೇಲೋ? ಎರಡು ಸಂಗತಿಗಳು ಜೊತೆಗಿವೆ ಎಂದಷ್ಟೇ ಹೇಳಿದ್ದಾರೆಯೋ, ಒಂದರಿಂದ ಇನ್ನೊಂದು ಆಯಿತೆಂದು ತೋರಿಸಿದ್ದಾರೆಯೋ ಎಂಬುದು ಮುಂದಿನ ಪ್ರಶ್ನೆ. ಹೆಚ್ಚು ಕಾಫಿ ಕುಡಿಯುವವರಲ್ಲಿ ಬೀಡಿ ಸಿಗರೇಟು ಸೇದುವವರೂ ಹೆಚ್ಚಿದ್ದರೆ, ಹೊಗೆಯ ತಪ್ಪು ಕಾಫಿಯ ತಲೆಗೆ ಬರುತ್ತದೆ. ಕೊನೆಯದಾಗಿ, "ಅಪಾಯ ಎರಡರಷ್ಟು" ಎಂಬ ತಲೆಬರಹ ಕಂಡರೆ ಮೂಲದ ಅಪಾಯವೆಷ್ಟು ಎಂದು ಹುಡುಕಿ. ಹತ್ತು ಸಾವಿರದಲ್ಲಿ ಒಬ್ಬರಿಗೆ ಬರುತ್ತಿದ್ದದ್ದು ಇಬ್ಬರಿಗೆ ಬಂದರೂ ಎರಡರಷ್ಟೇ, ನೂರರಲ್ಲಿ ಇಪ್ಪತ್ತು ಜನರಿಗೆ ಬರುತ್ತಿದ್ದದ್ದು ನಲವತ್ತು ಜನರಿಗೆ ಬಂದರೂ ಎರಡರಷ್ಟೇ.

## ಆರೋಗ್ಯ

ಹುಟ್ಟಿದಾಗ ಮಗು ತೂಕ ಕಡಿಮೆ ಇದ್ರೆ ಮುಂದೆ ಹಾರ್ಟು, ಶುಗರ್ ತೊಂದರೆ ಬರುತ್ತೆ ಅಂತ ಮೈಸೂರಲ್ಲೇ ಕಂಡುಹಿಡಿದರಂತೆ. ನಿಜಾನಾ?

ಅರ್ಧ ನಿಜ, ಉಳಿದರ್ಧ ಇನ್ನೂ ಕುತೂಹಲಕರವಾಗಿದೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ, ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹೆರಿಗೆಯ ದಾಖಲೆಗಳನ್ನು ಜೋಪಾನವಾಗಿ ಇಡಲಾಗಿತ್ತು. ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ, ಇವೆಲ್ಲ ಅದರಲ್ಲಿದ್ದವು. ಅಂದು ಮಗುವನ್ನು ತಕ್ಕಡಿಯಲ್ಲಿಟ್ಟು ಪೌಂಡು ಔನ್ಸುಗಳಲ್ಲಿ ತೂಕ ಬರೆದ ದಾದಿಯರಿಗೆ, ಅರವತ್ತು ವರ್ಷಗಳ ನಂತರ ಆ ಅಂಕಿಗಳು ಇಡೀ ಜಗತ್ತಿನ ವೈದ್ಯರ ಮುಂದೆ ಬರುತ್ತವೆಂದು ತಿಳಿದಿರಲು ಸಾಧ್ಯವಿರಲಿಲ್ಲ.

ಇಂಗ್ಲೆಂಡಿನ ಡೇವಿಡ್ ಬಾರ್ಕರ್ ಎಂಬ ವೈದ್ಯವಿಜ್ಞಾನಿ, ಗರ್ಭದಲ್ಲಿದ್ದಾಗ ಮಗುವಿಗೆ ಸಿಕ್ಕ ಪೋಷಣೆಗೂ ನಡುವಯಸ್ಸಿನ ಹೃದಯರೋಗಕ್ಕೂ ಸಂಬಂಧವಿದೆ ಎಂದು ಅಲ್ಲಿನ ಹಳೆಯ ಹೆರಿಗೆ ದಾಖಲೆಗಳ ಆಧಾರದಿಂದ ವಾದಿಸಿದ್ದರು. ಅದು ಭಾರತದಲ್ಲೂ ನಿಜವೇ ಎಂದು ಪರೀಕ್ಷಿಸಲು ಮೈಸೂರಿನ ದಾಖಲೆ ನೆರವಿಗೆ ಬಂತು. 1934ರಿಂದ 1954ರ ನಡುವೆ ಆ ಆಸ್ಪತ್ರೆಯಲ್ಲಿ ಹುಟ್ಟಿ, ಇನ್ನೂ ಅಲ್ಲೇ ಸುತ್ತಮುತ್ತ ವಾಸವಾಗಿದ್ದ 517 ಮಂದಿಯನ್ನು ಪತ್ತೆಮಾಡಿ ಪರೀಕ್ಷಿಸಿದರು; ಫಲಿತಾಂಶ 1996ರಲ್ಲಿ ಪ್ರಕಟವಾಯಿತು. 45 ವರ್ಷ ದಾಟಿದವರನ್ನು ನೋಡಿದಾಗ, ಹುಟ್ಟುವಾಗ ಐದೂವರೆ ಪೌಂಡ್, ಎಂದರೆ ಎರಡೂವರೆ ಕೆ.ಜಿ. ಅಥವಾ ಅದಕ್ಕೂ ಕಡಿಮೆ ಇದ್ದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯರೋಗವಿತ್ತು. ಏಳು ಪೌಂಡ್ ತೂಗಿದವರಲ್ಲಿ ಮತ್ತು ಅದಕ್ಕೂ ಹೆಚ್ಚಿದ್ದವರಲ್ಲಿ ಅದು ನೂರಕ್ಕೆ 3 ಮಾತ್ರ. ತಾಯಿಯೂ ಸಣಕಲಾಗಿದ್ದು ಮಗುವೂ ಸಣ್ಣದಾಗಿದ್ದ ಕಡೆ ಕಾಯಿಲೆ ಎಲ್ಲಕ್ಕಿಂತ ಹೆಚ್ಚಿತ್ತು.

ಸಕ್ಕರೆ ಕಾಯಿಲೆಯ ಕಥೆ ಬೇರೆಯಾಯಿತು. ಅದು ಹೆಚ್ಚಾಗಿ ಕಂಡದ್ದು, ಉದ್ದದಲ್ಲಿ ಗಿಡ್ಡವಾಗಿ, ಉದ್ದಕ್ಕೆ ಹೋಲಿಸಿದರೆ ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಹೆಚ್ಚಿತ್ತು. ಇಂಗ್ಲೆಂಡಿನ ಚಿತ್ರಕ್ಕೆ ಇದು ಹೊಂದಲಿಲ್ಲ. ಬಸುರಿನಲ್ಲೇ ತಾಯಿಗೆ ಸಕ್ಕರೆ ಅಂಶ ಏರಿದ್ದು, ಆ ಕಾಲಕ್ಕೆ ಅದು ಯಾರಿಗೂ ತಿಳಿಯದೆ ಹೋಗಿರಬಹುದೇ ಎಂಬ ಹೊಸ ಊಹೆ ಹುಟ್ಟಿತು. ಊಹೆಯನ್ನು ಊಹೆಯಾಗಿಯೇ ಬಿಡದೆ, ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ 830 ಗರ್ಭಿಣಿಯರನ್ನು ಸೇರಿಸಿಕೊಂಡು ಪಾರ್ಥೆನಾನ್ ಅಧ್ಯಯನವನ್ನು ಆರಂಭಿಸಿದರು. ಬಸುರಿನಲ್ಲೇ ಸಕ್ಕರೆ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ಅವರು ಬೆಳೆಯುವವರೆಗೂ ಹಿಂಬಾಲಿಸಿದರು. ಸಕ್ಕರೆ ಏರಿದ್ದ ತಾಯಂದಿರ ಮಕ್ಕಳಲ್ಲಿ, ಅವರು ಪ್ರಾಥಮಿಕ ಶಾಲೆಯಲ್ಲಿರುವಾಗಲೇ ಮೈಯ ಕೊಬ್ಬೂ ಇನ್ಸುಲಿನ್ ಮಟ್ಟವೂ ಹೆಚ್ಚಿದ್ದುದು ಕಂಡುಬಂತು.

ಹೀಗಾಗಿ ತೂಕ ಕಡಿಮೆಯಿದ್ದ ಮಗುವಿನ ತಾಯಿ ಗಾಬರಿಯಾಗಬೇಕಾಗಿಲ್ಲ. ಈ ಅಂಕಿಗಳು ಗುಂಪಿನ ಬಗ್ಗೆ ಹೇಳುತ್ತವೆ, ಒಂದು ಮಗುವಿನ ಭವಿಷ್ಯವನ್ನು ಹೇಳುವುದಿಲ್ಲ. ಬಸುರಿನಲ್ಲಿ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬಾರದೆಂಬ ವೈದ್ಯರ ಒತ್ತಾಯದ ಹಿಂದೆ ಏನಿದೆ ಎಂಬುದು ಇದರಿಂದ ತಿಳಿಯುತ್ತದೆ.

ಕೆ.ಆರ್.ಎಸ್. ರಸ್ತೆ ಟಿ.ಬಿ. ಆಸ್ಪತ್ರೆಗೆ ಹಿಂದೆ ತಿಂಗಳುಗಟ್ಟಲೆ ಸೇರಿಸ್ತಿದ್ರು. ಈಗ ಮನೆಗೇ ಮಾತ್ರೆ ಕೊಟ್ಟು ಕಳಿಸ್ತಾರಲ್ಲ, ಅಷ್ಟೇ ಸಾಕಾ?

ಸಾಕು ಎಂಬುದನ್ನು ಪ್ರಯೋಗದ ಮೂಲಕ ತೋರಿಸಿಯೇ ಪದ್ಧತಿಯನ್ನು ಬದಲಿಸಿದ್ದು. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನ ಆ ಆರೋಗ್ಯಧಾಮ ಕಟ್ಟಿದ ಕಾಲದಲ್ಲಿ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಒಳ್ಳೆಯ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ, ಇವಷ್ಟೇ ಚಿಕಿತ್ಸೆ. ಸ್ಟ್ರೆಪ್ಟೊಮೈಸಿನ್ ದೊರೆತದ್ದು 1943ರಲ್ಲಿ. ಔಷಧಿಗಳು ಬಂದ ಮೇಲೂ ರೋಗಿಯನ್ನು ಮನೆಯಲ್ಲಿಟ್ಟರೆ ಗುಣವಾಗುವುದಿಲ್ಲ, ಮನೆಮಂದಿಗೂ ಹರಡುತ್ತದೆ ಎಂಬ ಭಯ ಉಳಿದೇ ಇತ್ತು. ಆದರೆ ದೇಶದ ಲಕ್ಷಾಂತರ ರೋಗಿಗಳಿಗೆ ಹಾಸಿಗೆಗಳೆಲ್ಲಿ?

1950ರ ದಶಕದ ಕೊನೆಯಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗ ನಡೆಯಿತು. ಬಡ ರೋಗಿಗಳನ್ನು ಯಾರ ಇಷ್ಟಾನಿಷ್ಟಕ್ಕೂ ಎಡೆಯಿಲ್ಲದಂತೆ ಎರಡು ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ಆರೋಗ್ಯಧಾಮದಲ್ಲೂ ಇನ್ನೊಂದಕ್ಕೆ ಮನೆಯಲ್ಲೂ ಅವೇ ಮಾತ್ರೆಗಳನ್ನು ಒಂದು ವರ್ಷ ಕೊಟ್ಟರು. ಮನೆಯಲ್ಲಿದ್ದವರ ಊಟ ಕಳಪೆ, ಕೋಣೆ ಇಕ್ಕಟ್ಟು, ವಿಶ್ರಾಂತಿಯೂ ಇಲ್ಲ. ಆದರೂ ಎರಡೂ ಗುಂಪಿನಲ್ಲಿ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗಿತ್ತು. ಮನೆಯ ಇತರರಿಗೆ ಸೋಂಕು ಹೆಚ್ಚಾಗಿ ತಗುಲಿರಲಿಲ್ಲ, ಏಕೆಂದರೆ ಮಾತ್ರೆ ಆರಂಭಿಸಿದ ಕೆಲವು ವಾರಗಳಲ್ಲೇ ರೋಗ ಹರಡುವ ಶಕ್ತಿ ಕುಗ್ಗುತ್ತದೆ. ರೋಗಿಗಳನ್ನು ಯಾರ ಇಷ್ಟಾನಿಷ್ಟಕ್ಕೂ ಬಿಡದೆ ಹಂಚುವುದೇ ಈ ವಿಧಾನದ ಜೀವಾಳ. ಗಟ್ಟಿಮುಟ್ಟಾದವರನ್ನು ಮನೆಗೂ ನಿತ್ರಾಣರನ್ನು ಆಸ್ಪತ್ರೆಗೂ ಕಳಿಸಿದ್ದರೆ ಹೋಲಿಕೆಗೆ ಅರ್ಥವೇ ಇರುತ್ತಿರಲಿಲ್ಲ.

ಹಾಗೆಂದು ಊಟಕ್ಕೆ ಬೆಲೆಯಿಲ್ಲವೆಂದಲ್ಲ. ಜಾರ್ಖಂಡಿನಲ್ಲಿ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ರೋಗಿಯ ಮನೆಮಂದಿಗೂ ತಿಂಗಳ ಪಡಿ ಕೊಟ್ಟಾಗ ಅವರಿಗೆ ಹೊಸದಾಗಿ ಕ್ಷಯ ಬರುವುದು ನೂರಕ್ಕೆ ಸುಮಾರು 40ರಷ್ಟು ಇಳಿಯಿತು. ಬಂದ ಕಾಯಿಲೆಯನ್ನು ಮಾತ್ರೆ ವಾಸಿ ಮಾಡುತ್ತದೆ, ಬರಬಹುದಾದ ಕಾಯಿಲೆಯನ್ನು ಅನ್ನ ತಡೆಯುತ್ತದೆ.

ಅಜ್ಜಿ ಕಾಲದಿಂದ ಕೊಡ್ತಾ ಬಂದಿರೋ ನಾಟಿ ಔಷಧಿಗೂ ಪರೀಕ್ಷೆ ಬೇಕಾ?

ಬೇಕು, ಮತ್ತು ಆ ಪರೀಕ್ಷೆ ನಾಟಿ ಔಷಧಿಗೆ ಅವಮಾನವಲ್ಲ. ಸರ್ಪಗಂಧದ ಬೇರನ್ನು ನಮ್ಮವರು ಶತಮಾನಗಳಿಂದ ಬಳಸುತ್ತಿದ್ದರು. ಮುಂಬಯಿಯ ಡಾ. ರುಸ್ತಂ ಜಾಲ್ ವಕೀಲರು ಅದನ್ನು ರಕ್ತದೊತ್ತಡದ ರೋಗಿಗಳಿಗೆ ಕೊಟ್ಟು, ಅಳೆದು, 1949ರಲ್ಲಿ ಪ್ರಕಟಿಸಿದ ಮೇಲೆ ಅದು ಜಗತ್ತಿನ ಔಷಧವಾಯಿತು. ಇನ್ನೊಂದೆಡೆ, ಹಳ್ಳಿಗಳಲ್ಲಿ ಹಾವಿನ ವಿಷಕ್ಕೆಂದು ಕೊಡುವ ಈಶ್ವರಿ ಬಳ್ಳಿಯ ಕುಲದ ಗಿಡಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮೂತ್ರಪಿಂಡವನ್ನು ಹಾಳುಮಾಡುತ್ತದೆ, ಕ್ಯಾನ್ಸರನ್ನೂ ತರುತ್ತದೆ ಎಂಬುದು 1990ರ ದಶಕದಿಂದೀಚೆಗೆ ದೃಢವಾಗಿದೆ. ವರ್ಷಗಳ ನಂತರ ಕಾಣಿಸುವ ಇಂಥ ಹಾನಿಯನ್ನು ಬರಿಯ ಅನುಭವದಿಂದ ಗುರುತಿಸಲಾಗದು. ಹಾವು ಕಚ್ಚಿದರೆ ಬೇರು ಅರೆಯುತ್ತ ಕೂರದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ.

## ನೀರು, ಬೆಳೆ, ಹಕ್ಕಿ

ಬೋರ್‌ವೆಲ್ ನೀರು ತಿಳಿಯಾಗಿದೆ, ರುಚೀನೂ ಚೆನ್ನಾಗಿದೆ. ಕಾಯಿಸಿ ಕುಡಿದ್ರೆ ಸಾಲದಾ?

ಕಾಯಿಸಿದರೆ ರೋಗಾಣುಗಳು ಸಾಯುತ್ತವೆ. ಫ್ಲೋರೈಡ್ ಮತ್ತು ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಏರುತ್ತದೆ. ಫ್ಲೋರೈಡ್ ಬಂಡೆಯಿಂದ ಬರುತ್ತದೆ. ನೈಟ್ರೇಟ್ ಬಹುಪಾಲು ಯೂರಿಯಾ, ತಿಪ್ಪೆ ಮತ್ತು ಶೌಚದ ಗುಂಡಿಗಳಿಂದ ಇಳಿದು ಬರುತ್ತದೆ. ಎರಡಕ್ಕೂ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಇರಬಹುದು, ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಕಂಡ ಊರಿನಲ್ಲಿ ಮೊದಲು ನೀರಿನ ಪರೀಕ್ಷೆ ಮಾಡಿಸಿ.

ಹುಳಕ್ಕೆ ಇನ್ನೊಂದು ಹುಳ ಬಿಡ್ತಾರಂತೆ. ಆಮೇಲೆ ಆ ಹುಳವೇ ಕಾಟ ಕೊಟ್ರೆ?

ಈ ಭಯಕ್ಕೆ ಆಧಾರವಿದೆ. 1935ರಲ್ಲಿ ಆಸ್ಟ್ರೇಲಿಯಾದ ಕಬ್ಬಿನ ಗದ್ದೆಗಳಿಗೆ ಜೀರುಂಡೆ ತಿನ್ನಲೆಂದು ದೊಡ್ಡ ಜಾತಿಯ ಕಪ್ಪೆಯನ್ನು ಬಿಟ್ಟರು. ಅದು ಜೀರುಂಡೆಯನ್ನು ಹತೋಟಿಗೆ ತರಲಿಲ್ಲ. ಸಿಕ್ಕಿದ್ದನ್ನೆಲ್ಲ ತಿಂದು ಹರಡಿತು, ಅದನ್ನು ತಿಂದ ಸ್ಥಳೀಯ ಪ್ರಾಣಿಗಳು ಅದರ ವಿಷದಿಂದ ಸತ್ತವು. ಏನನ್ನಾದರೂ ತಿನ್ನುವ ಜೀವಿಯನ್ನು ಪರೀಕ್ಷೆಯಿಲ್ಲದೆ ತಂದದ್ದು ಅಲ್ಲಿನ ತಪ್ಪು.

ಈಗ ಒಂದೇ ಜಾತಿಯನ್ನು, ಇಲ್ಲವೇ ಅದರ ಹತ್ತಿರದ ಕೆಲವನ್ನು ಮಾತ್ರ ಅವಲಂಬಿಸಿ ಬದುಕುವ ಪರೋಪಜೀವಿಯನ್ನೇ ಆರಿಸುತ್ತಾರೆ. ರೇಷ್ಮೆ ಮನೆಯ ಉದಾಹರಣೆ ನೋಡಿ. ಊಜಿ ನೊಣ ರೇಷ್ಮೆ ಹುಳದ ಮೈಮೇಲೆ ಮೊಟ್ಟೆಯಿಡುತ್ತದೆ; ಮರಿ ಚರ್ಮವನ್ನು ಕೊರೆದು ಒಳಹೊಕ್ಕ ಜಾಗದಲ್ಲಿ ಕಪ್ಪು ಕಲೆ ಉಳಿಯುತ್ತದೆ; ಬೆಳೆದ ಮರಿ ಹುಳವನ್ನು ಕೊಂದು ಹೊರಬಂದು ನೆಲದ ಸಂದಿಗಳಲ್ಲಿ ಕೋಶವಾಗುತ್ತದೆ. ಕೀಟನಾಶಕ ಹೊಡೆಯುವಂತಿಲ್ಲ, ರೇಷ್ಮೆ ಹುಳವೂ ಕೀಟವೇ. ಆದ್ದರಿಂದ ಕಿಟಕಿ ಬಾಗಿಲುಗಳಿಗೆ ಜಾಲರಿ ಕಟ್ಟುವುದರ ಜೊತೆಗೆ, ಊಜಿಯ ಕೋಶದೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಮೈಸೂರಿನ ರೇಷ್ಮೆ ಸಂಸ್ಥೆ ಸಾಮೂಹಿಕವಾಗಿ ಬೆಳೆಸಿ ರೈತರಿಗೆ ಕೊಡುವ ಕ್ರಮವನ್ನು ತಂದಿತು. ಪರಂಗಿ ಗಿಡಕ್ಕೂ ಹಿಪ್ಪುನೇರಳೆಗೂ ಬಿದ್ದ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಾಗಲೂ ಹೀಗೆಯೇ ಆಯಿತು: ಅದರ ಸಹಜ ಶತ್ರುವಾದ ಕಣಜವನ್ನು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನಲ್ಲಿ ಮುಚ್ಚಿದ ಕೋಣೆಯೊಳಗಿಟ್ಟು, ರೇಷ್ಮೆ ಹುಳಕ್ಕೂ ಇತರ ಉಪಕಾರಿ ಕೀಟಗಳಿಗೂ ಹಾನಿಯಿಲ್ಲವೆಂದು ಖಚಿತವಾದ ಮೇಲೆ ಹೊರಬಿಟ್ಟರು.

ರಾಮನಗರದ ಬೆಟ್ಟದಲ್ಲಿ ರಣಹದ್ದು ಕಾಣೆಯಾಗಿದ್ದು ದನಕ್ಕೆ ಕೊಟ್ಟ ಇಂಜೆಕ್ಷನ್ನಿಂದ ಅಂತಾರೆ. ಎಲ್ಲಿಯ ದನ, ಎಲ್ಲಿಯ ಹದ್ದು! ಅದು ಹೇಗೆ ಗೊತ್ತಾಯ್ತು?

ಪರಿಸರದ ಸಮಸ್ಯೆಯೊಂದರ ಕಾರಣವನ್ನು ಹೆಜ್ಜೆಹೆಜ್ಜೆಯಾಗಿ ಪತ್ತೆಮಾಡಿದ ರೀತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ರಾಮದೇವರ ಬೆಟ್ಟದಲ್ಲಿ ಒಟ್ಟು ಎಷ್ಟು ಹದ್ದುಗಳು ಯಾವ ಯಾವ ಕಾರಣಕ್ಕೆ ಕಡಿಮೆಯಾದವು ಎಂಬುದು ಬೇರೆ ಲೆಕ್ಕ; ಭಾರತ ಉಪಖಂಡದಲ್ಲಿ ಮೂರು ಜಾತಿಯ ರಣಹದ್ದುಗಳು ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಕುಸಿದದ್ದಕ್ಕೆ ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ಔಷಧಿ ಎಂಬುದರಲ್ಲಿ ಸಂಶಯವಿಲ್ಲ.

1990ರ ದಶಕದ ಕೊನೆಗೆ ರಾಜಸ್ಥಾನದ ಭರತಪುರದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ಅವರು ಹದ್ದುಗಳ ಎಣಿಕೆ ಮಾಡಿ, ಕುಸಿತವನ್ನು ದಾಖಲಿಸಿದರು. ಸತ್ತ ಹಕ್ಕಿಗಳ ಶವಪರೀಕ್ಷೆಯಲ್ಲಿ ಒಳಾಂಗಗಳ ಮೇಲೆ ಯೂರಿಕ್ ಆಮ್ಲದ ಬಿಳಿ ಲೇಪ ಕಂಡಿತು. ಎಂದರೆ ಮೂತ್ರಪಿಂಡ ಕೆಟ್ಟಿತ್ತು. ವೈರಸ್ ಇರಬಹುದೆಂದು ಹುಡುಕಿದರು, ಸಿಗಲಿಲ್ಲ. ಕೀಟನಾಶಕ, ಭಾರಲೋಹಗಳನ್ನು ಹುಡುಕಿದರು, ಅವೂ ಕಾರಣವಾಗಿರಲಿಲ್ಲ. ಆಗ ಪಾಕಿಸ್ತಾನದಲ್ಲಿ ಕೆಲಸ ಮಾಡುತ್ತಿದ್ದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪ್ರಶ್ನೆಯನ್ನೇ ತಿರುಗಿಸಿದರು: ಹದ್ದುಗಳ ಆಹಾರ ಸತ್ತ ದನ, ಹಾಗಾದರೆ ದನಗಳಿಗೆ ಹೊಸದಾಗಿ ಏನು ಕೊಡಲಾಗುತ್ತಿದೆ? ಪಶುವೈದ್ಯರನ್ನೂ ಔಷಧಿ ಅಂಗಡಿಗಳನ್ನೂ ವಿಚಾರಿಸಿದಾಗ, ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲ, ಬಾಯಿಯ ಮೂಲಕವೂ ಮೈಸೇರುವ, ಎಲ್ಲೆಡೆ ಮಾರಾಟವಾಗುವ ಒಂದೇ ಔಷಧಿ ಸಿಕ್ಕಿತು. ಅದು ನೋವು ಬಾವುಗಳಿಗೆ ಕೊಡುವ ಡೈಕ್ಲೊಫೆನಾಕ್.

ಮೂತ್ರಪಿಂಡ ಕೆಟ್ಟು ಸತ್ತಿದ್ದ 25 ಹದ್ದುಗಳನ್ನು ಪರೀಕ್ಷಿಸಿದಾಗ 25ರಲ್ಲೂ ಅದರ ಅಂಶವಿತ್ತು; ಬೇರೆ ಕಾರಣಕ್ಕೆ ಸತ್ತ 13ರಲ್ಲಿ ಒಂದರಲ್ಲೂ ಇರಲಿಲ್ಲ. ಅಷ್ಟಕ್ಕೇ ನಿಲ್ಲಿಸದೆ, ಮತ್ತೆ ಕಾಡಿಗೆ ಬಿಡಲಾಗದಷ್ಟು ಗಾಯಗೊಂಡಿದ್ದ ಹದ್ದುಗಳಿಗೆ ಔಷಧಿ ಪಡೆದ ಪ್ರಾಣಿಗಳ ಮಾಂಸ ಕೊಟ್ಟು ನೋಡಿದಾಗ ಅವೂ ಅದೇ ಲಕ್ಷಣ ತೋರಿ ಸತ್ತವು. 2004ರಲ್ಲಿ ಇದು ಪ್ರಕಟವಾಯಿತು. 2006ರಲ್ಲಿ ಭಾರತ ದನಗಳಿಗಾಗಿ ಇದನ್ನು ತಯಾರಿಸುವುದನ್ನು ನಿಷೇಧಿಸಿತು. ಹದ್ದುಗಳಿಗೆ ಹಾನಿ ಮಾಡದ ಮೆಲಾಕ್ಸಿಕಾಂ ಎಂಬ ಬದಲಿ ಔಷಧಿಯನ್ನೂ ಅಷ್ಟರಲ್ಲಿ ಪರೀಕ್ಷಿಸಿದ್ದರು. ಇಷ್ಟಾದರೂ ಮನುಷ್ಯರ ಬಳಕೆಗೆಂದು ತಯಾರಿಸಿದ ದೊಡ್ಡ ಸೀಸೆಗಳು ದನದ ಕೊಟ್ಟಿಗೆ ಸೇರುತ್ತಲೇ ಇದ್ದುದರಿಂದ, 2015ರಲ್ಲಿ ಸೀಸೆಯನ್ನು 3 ಮಿ.ಲೀ.ಗೆ ಇಳಿಸಬೇಕಾಯಿತು. ನಿಮ್ಮ ಹಸುವಿಗೆ ನೋವಿನ ಇಂಜೆಕ್ಷನ್ ಕೊಡುವಾಗ ಹೆಸರನ್ನು ಕೇಳಿ ತಿಳಿಯಿರಿ. ಹದ್ದುಗಳಿಗೆ ಅಪಾಯವೆಂದು ತಿಳಿದ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್‌ಗಳನ್ನೂ 2023ರಲ್ಲಿ ನಿಷೇಧಿಸಲಾಗಿದೆ.

## ತಂತ್ರಜ್ಞಾನ

ಓಟು ಹಾಕಿದಾಗ ಬೆರಳಿಗೆ ಹಚ್ಚೋ ಇಂಕು ಮೈಸೂರಿಂದಲೇ ದೇಶಕ್ಕೆಲ್ಲ ಹೋಗುತ್ತಂತೆ. ಒಂದು ಇಂಕಿನಲ್ಲಿ ಸಂಶೋಧನೆ ಏನಿದೆ?

ಒಬ್ಬರೇ ಎರಡು ಸಲ ಮತ ಹಾಕುವುದನ್ನು ತಡೆಯಬೇಕು, ಗುರುತು ಸೋಪು ನೀರಿಗೆ ಹೋಗಬಾರದು, ಶಾಶ್ವತವಾಗಿಯೂ ಉಳಿಯಬಾರದು, ಅಕ್ಷರ ಬಾರದವರಿಗೂ ಅರ್ಥವಾಗಬೇಕು, ಅಗ್ಗವಾಗಿರಬೇಕು. ಇಷ್ಟು ಷರತ್ತುಗಳನ್ನು ಒಟ್ಟಿಗೆ ಪೂರೈಸಿದ್ದೇ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಾಧನೆ. ಇಂಕಿನಲ್ಲಿರುವ ಸಿಲ್ವರ್ ನೈಟ್ರೇಟ್, ಚರ್ಮದ ಉಪ್ಪಿನೊಡನೆ ಸೇರಿ ನೀರಿನಲ್ಲಿ ಕರಗದ ಸಿಲ್ವರ್ ಕ್ಲೋರೈಡ್ ಆಗುತ್ತದೆ. ಬೆಳಕು ಬಿದ್ದಂತೆ ಅದು ಕಪ್ಪಾಗುತ್ತದೆ. ಚರ್ಮದ ಹಳೆಯ ಪದರ ಉದುರಿ, ಉಗುರು ಬೆಳೆದ ಮೇಲಷ್ಟೇ ಗುರುತು ಹೋಗುತ್ತದೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಆರಂಭವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ಪರವಾನಗಿ ಪಡೆದು 1962ರ ಚುನಾವಣೆಯಿಂದ ಇದನ್ನು ಒದಗಿಸುತ್ತಿದೆ.

ನಮ್ಮ ಶ್ರೀರಂಗಪಟ್ಟಣ ತಾಲ್ಲೂಕಲ್ಲಿ 14,100 ಟನ್ ಲಿಥಿಯಂ ಇದೆ ಅಂದ್ರು, ಆಮೇಲೆ 1,600 ಟನ್ ಅಂದ್ರು. ಯಾರು ಸುಳ್ಳು ಹೇಳಿದ್ದು?

ಯಾರೂ ಸುಳ್ಳು ಹೇಳಿಲ್ಲ. ಮಾರ್ಲಗಾಲ–ಅಲ್ಲಾಪಟ್ಟಣ ಪ್ರದೇಶದ ಬಂಡೆಗಳಲ್ಲಿ, ಬ್ಯಾಟರಿಗೆ ಬಳಸುವ ಲೋಹವಾದ ಲಿಥಿಯಂ ಇರುವ ಖನಿಜವಿರುವುದು ನಿಜ. 2020ರಲ್ಲಿ ಪತ್ರಿಕೆಗಳಲ್ಲಿ ಬಂದ 14,100 ಟನ್ ಎಂಬುದು ಆರಂಭದ ಅಂದಾಜು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದ 1,600 ಟನ್, ಪರಮಾಣು ಖನಿಜ ನಿರ್ದೇಶನಾಲಯದ ಮುಂದಿನ ಸಮೀಕ್ಷೆಯದು. ಅದೂ ಕೂಡ ಅನುಮಾನಿತ ಸಂಪನ್ಮೂಲ ಎಂಬ ವರ್ಗದ್ದು. ಎಂದರೆ ಅಲ್ಲಲ್ಲಿ ತೆಗೆದ ಮಾದರಿಗಳಿಂದ ನಡುವಿನ ಬಂಡೆಯ ಬಗ್ಗೆ ತರ್ಕಿಸಿದ ಲೆಕ್ಕ. ಹತ್ತಿರ ಹತ್ತಿರ ಕೊರೆದು ನೋಡಿದ ಮೇಲೆ ಖಚಿತತೆಯ ಮುಂದಿನ ವರ್ಗಗಳು ಬರುತ್ತವೆ. ಅದಾದ ಮೇಲೂ ತೆಗೆಯುವ ಖರ್ಚು, ನೀರಿನ ಬೇಡಿಕೆ, ಕಾವೇರಿಯ ಸಾಮೀಪ್ಯ, ಜಮೀನಿನವರ ಒಪ್ಪಿಗೆ, ಇವೆಲ್ಲ ಕೂಡಿದರೆ ಮಾತ್ರ ಅದು ಗಣಿಯಾಗುತ್ತದೆ. ಮೊದಲ ಸುದ್ದಿಗೇ ಜಮೀನು ಕೊಳ್ಳುವ ಇಲ್ಲವೇ ಮಾರುವ ಆತುರ ಬೇಡ ಎಂದು ಆ ಭಾಗದ ರೈತರಿಗೆ ಕಳಕಳಿಯಿಂದ ಹೇಳುತ್ತೇನೆ.

## ಇನ್ನೂ ಆಳದ ಪ್ರಶ್ನೆಗಳು

ವಿಜ್ಞಾನಿಗಳು ದಾರಿ ತೋರಿಸಿದ ಮೇಲೂ ಯಾಕೆ ಏನೂ ಬದಲಾಗಲ್ಲ?

ಕೆಲವೊಮ್ಮೆ ಬೇಗ ಬದಲಾಗುತ್ತದೆ. ಫ್ರಿಜ್ಜುಗಳಲ್ಲಿ ಬಳಸುತ್ತಿದ್ದ ಕ್ಲೋರೊಫ್ಲೋರೊ ಕಾರ್ಬನ್‌ಗಳು ಓಝೋನ್ ಪದರವನ್ನು ನಾಶಮಾಡಬಲ್ಲವೆಂದು ರಸಾಯನ ವಿಜ್ಞಾನಿಗಳಾದ ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ಹೇಳಿದರು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಪದರ ತೆಳುವಾದದ್ದನ್ನು ಅಳತೆಗಳು ತೋರಿಸಿದವು. 1987ರಲ್ಲೇ, ಅವುಗಳ ತಯಾರಿಕೆಯನ್ನು ತಗ್ಗಿಸುವ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ತಯಾರಕರು ಕೆಲವೇ ಮಂದಿ, ಬದಲಿ ವಸ್ತು ಸಿಗುವಂತಿತ್ತು, ಮನೆಯಲ್ಲಿ ಫ್ರಿಜ್ ಬಳಸುವವರು ತಮ್ಮ ದಿನಚರಿಯನ್ನು ಬದಲಿಸಬೇಕಿರಲಿಲ್ಲ.

ಮಂಡ್ಯದ ಗದ್ದೆಯಲ್ಲಿ ಪರಿಸ್ಥಿತಿ ಹಾಗಿಲ್ಲ. ಭತ್ತದ ಗದ್ದೆಯಲ್ಲಿ ಸದಾ ನೀರು ನಿಂತರೆ ಮಣ್ಣಿಗೆ ಗಾಳಿ ಸಿಗದೆ, ಭೂಮಿಯ ಬಿಸಿಯೇರಿಸುವ ಮೀಥೇನ್ ಅನಿಲ ಹುಟ್ಟುತ್ತದೆ. ಒಮ್ಮೆ ನೀರು ಕಟ್ಟಿ, ತೂತಿರುವ ಕೊಳವೆಯೊಂದನ್ನು ಮಣ್ಣಿನಲ್ಲಿ ನೆಟ್ಟು ನೋಡುತ್ತ, ಒಳಗಿನ ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗಿಳಿದ ಮೇಲೆ ಮತ್ತೆ ಕಟ್ಟಿದರೆ, ಹೂ ಬಿಡುವ ಸಮಯವೊಂದನ್ನು ಬಿಟ್ಟು ಉಳಿದಂತೆ ಇಳುವರಿ ಕುಗ್ಗದೆ ನೀರೂ ಉಳಿಯುತ್ತದೆ, ಮೀಥೇನ್ ಕೂಡ ಗಣನೀಯವಾಗಿ ಇಳಿಯುತ್ತದೆ. ಇದು ಹಲವು ದೇಶಗಳಲ್ಲಿ ಪರೀಕ್ಷಿಸಿ ಕಂಡ ಸತ್ಯ. ಆದರೆ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಬರುವುದು ಕಟ್ಟು ಪದ್ಧತಿಯಲ್ಲಿ, ಎಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸುವ ಸರದಿಯಲ್ಲಿ. ಕನ್ನಂಬಾಡಿಯಲ್ಲಿ ನೀರು ಕಡಿಮೆಯಾದ ವರ್ಷ ಮುಂದಿನ ಕಟ್ಟು ಯಾವಾಗ, ಬರುತ್ತದೋ ಇಲ್ಲವೋ ಎಂದು ತಿಳಿಯದ ನಾಲೆ ಕೊನೆಯ ರೈತ, ನೀರು ಬಂದ ದಿನ ಬದು ತುಂಬಾ ಕಟ್ಟಿಕೊಳ್ಳುತ್ತಾನೆ. ಅದು ಅಜ್ಞಾನವಲ್ಲ, ವಿವೇಕ. ಉಳಿಸಿದ ನೀರಿನಿಂದ ಅವನಿಗೇನೂ ಸಿಗುವುದಿಲ್ಲ, ಕಳೆದುಕೊಂಡ ಬೆಳೆ ಮಾತ್ರ ಅವನದೇ. ಇಲ್ಲಿ ಬೇಕಾಗಿರುವುದು ಗದ್ದೆಯ ಸಂಶೋಧನೆಯ ಜೊತೆಗೆ, ನಾಲೆಯ ನೀರನ್ನು ಮುಂಚೆಯೇ ತಿಳಿಸಿದ ದಿನಕ್ಕೆ ತಪ್ಪದೆ ಕೊನೆಯ ತೂಬಿನವರೆಗೂ ತಲುಪಿಸುವ ವ್ಯವಸ್ಥೆಯ ಸಂಶೋಧನೆ. "ರೈತರಿಗೆ ತಿಳಿವಳಿಕೆ ಕೊಡಬೇಕು" ಎಂದು ಮುಗಿಯುವ ವರದಿಗಳನ್ನು ಓದಿದಾಗಲೆಲ್ಲ, ಬರೆದವರು ನಾಲೆಯ ತುದಿಗೆ ಹೋಗಿ ನೋಡಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ.

ಕಂಪನಿ ದುಡ್ಡಲ್ಲಿ ನಡೆದ ಪ್ರಯೋಗ ಕಂಪನಿ ಪರವಾಗೇ ಇರುತ್ತೆ ಅಲ್ವಾ?

ಅನುಕೂಲವಾದ ಫಲಿತಾಂಶವನ್ನು ಪ್ರಕಟಿಸಿ, ಉಳಿದದ್ದನ್ನು ಕಪಾಟಿನಲ್ಲಿಡುವ ಅಭ್ಯಾಸ ಔಷಧೋದ್ಯಮದಲ್ಲಿ ಇದ್ದದ್ದು ನಿಜ. ಅದಕ್ಕೆ ಕಂಡುಕೊಂಡ ಉಪಾಯವೆಂದರೆ ಪ್ರಯೋಗ ಆರಂಭವಾಗುವ ಮೊದಲೇ, ಏನನ್ನು ಅಳೆಯುತ್ತೇವೆ, ಎಷ್ಟು ಜನರಲ್ಲಿ ಅಳೆಯುತ್ತೇವೆ ಎಂದು ಸಾರ್ವಜನಿಕವಾಗಿ ನೋಂದಾಯಿಸುವುದು. ಭಾರತದಲ್ಲಿ ಸಿ.ಟಿ.ಆರ್.ಐ. ಎಂಬ ಈ ನೋಂದಣಿ 2007ರಲ್ಲಿ ಆರಂಭವಾಯಿತು, 2009ರಲ್ಲಿ ಕಡ್ಡಾಯವಾಯಿತು. ಯಾರು ಬೇಕಾದರೂ ಅದನ್ನು ತೆರೆದು ನೋಡಬಹುದು. ನೋಂದಾಯಿಸಿದ್ದು ಒಂದು, ಪ್ರಕಟವಾದದ್ದು ಇನ್ನೊಂದು ಎಂದಾದರೆ ಅಲ್ಲಿ ಅನುಮಾನಿಸಲು ಕಾರಣವಿದೆ. ಹಣ ಯಾರದೆಂಬುದಕ್ಕಿಂತ ಈ ಹೋಲಿಕೆ ಹೆಚ್ಚು ತಿಳಿಸುತ್ತದೆ.

ಆಸ್ಪತ್ರೆಯಲ್ಲಿ ನಮ್ಮಪ್ಪನ್ನ ಹೊಸ ಔಷಧಿ ಪ್ರಯೋಗಕ್ಕೆ ಸೇರಿಸ್ತೀರಾ ಅಂತ ಕೇಳಿದ್ರು. ಸೇರಿಸಬಹುದಾ?

ಸೇರಿಸಬಹುದು, ಸೇರಿಸದೆಯೂ ಇರಬಹುದು. ತೀರ್ಮಾನ ನಿಮ್ಮ ತಂದೆಯವರದು. ಬೇಡವೆಂದರೂ ಅವರಿಗೆ ಮಾಮೂಲಿ ಚಿಕಿತ್ಸೆ ನಿಲ್ಲುವಂತಿಲ್ಲ, ಸೇರಿದ ಮೇಲೆ ಯಾವ ದಿನ ಬೇಕಾದರೂ, ಕಾರಣ ಹೇಳದೆಯೂ ಹೊರಬರಬಹುದು. 2019ರ ಹೊಸ ಔಷಧಿಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳ ಪ್ರಕಾರ, ಪ್ರಯೋಗಕ್ಕೆ ಸೇರುವವರ ಹಿತ ಕಾಯುವ ನೈತಿಕ ಸಮಿತಿಯ ಒಪ್ಪಿಗೆಯಿಲ್ಲದೆ ಇಂಥ ಪ್ರಯೋಗ ನಡೆಯುವಂತಿಲ್ಲ, ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. ಒಪ್ಪಿಗೆ ಪತ್ರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ, ಎಂದರೆ ಇಲ್ಲಿ ಕನ್ನಡದಲ್ಲಿ, ಕೊಡಬೇಕು. ಓದಲು ಬಾರದವರಿಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ಓದಿ ಹೇಳಬೇಕು.

ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ: ಈಗಿರುವ ಔಷಧಿಯೊಡನೆ ಹೋಲಿಸುತ್ತಿದ್ದೀರೋ, ಔಷಧಿಯಿಲ್ಲದ ಮಾತ್ರೆಯೊಡನೆಯೋ? ಎಷ್ಟು ಸಲ ರಕ್ತ ತೆಗೆಯುತ್ತೀರಿ? ಬಂದುಹೋಗುವ ಬಸ್ಸಿನ ಖರ್ಚು ಯಾರದು? ಪ್ರಯೋಗ ಮುಗಿದ ಮೇಲೆ ಈ ಔಷಧಿ ಇವರಿಗೆ ಸಿಗುತ್ತದೆಯೇ? ಒಪ್ಪಿಗೆ ಪತ್ರದಲ್ಲಿ ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಇರಬೇಕು, ಸಹಿಯಾದ ಒಂದು ಪ್ರತಿ ನಿಮ್ಮ ಕೈಗೆ ಬರಬೇಕು. ಅವೆರಡೂ ಇಲ್ಲದಿದ್ದರೆ ಆ ದಿನ ಸಹಿ ಹಾಕಬೇಡಿ. ಪತ್ರವನ್ನು ಮನೆಗೆ ತಂದು, ಓದಬಲ್ಲ ಇನ್ನೊಬ್ಬರಿಗೆ ತೋರಿಸಿ, ಮರುದಿನ ಹೋಗಿ ಉತ್ತರ ಹೇಳಿ.